ಹೊಸಬನ ಡಬ್ಬಿಯಲ್ಲಿ ಜೀರುಂಡೆ

ಒಂದೇ ಆಲ್ಬಮ್ಮನ್ನು ನಾಲ್ಕು ಸಲ ಕೊಂಡವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಅಣ್ಣನನ್ನು ಕಂಡು ಅತ್ತಿಗೆಗೂ ಬಂದಿತ್ತು. ಮದುವೆಯಾದ ಹೊಸದರಲ್ಲಿ ಆಕೆ ನಕ್ಕಳು, ಆಮೇಲೆ ಕೆಲವು ವರ್ಷ ಸಿಡುಕಿದಳು, ಈಗ ಮತ್ತೆ ನಗುತ್ತಾಳೆ. "ಒಂದೇ ಸಿನಿಮಾನ ನಾಲ್ಕು ಥಿಯೇಟರಲ್ಲಿ ನೋಡಿ, ಯಾವ ಪರದೆ ಚೆನ್ನಾಗಿತ್ತು ಅಂತ ಜಗಳ ಆಡೋ ಜನ ನೀವು" ಎಂದು ಅಣ್ಣ ತಂಗಿ ಇಬ್ಬರನ್ನೂ ಒಟ್ಟಿಗೆ ಸೇರಿಸಿ ಬೈಯುತ್ತಾಳೆ. ಆಕೆ ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಆಲ್ಬಮ್ಮಿನ ಹೆಸರು 'ಉಪ್ಪಿನ ಗಡಿಯಾರ'. ರಟ್ಟಿನ ಮೇಲೆ ಸಮುದ್ರದ ಚಿತ್ರ, ಸಮುದ್ರದಲ್ಲಿ ಸೊಂಟದ ತನಕ ಮುಳುಗಿ ನಿಂತಿರುವ ಎತ್ತರದ ಗಡಿಯಾರ. ಉದ್ದ ಕೂದಲಿನ ಐದಾರು ಹುಡುಗರು ಯಾವುದೋ ಕಾಲದಲ್ಲಿ ಕೂಡಿ ಮಾಡಿದ ರಾಕ್ ಸಂಗೀತ ಅದು. ಮೊದಲ ಅರ್ಧ ಪೂರ್ತಿ ಒಂದೇ ಹಾಡು. ಅದರೊಳಗೆ ನಾಲ್ಕು ಭಾಗ. ಕೊಳಲು ಬರುತ್ತದೆ, ಡ್ರಮ್ಮು ಬರುತ್ತದೆ, ಎಲ್ಲಿಂದಲೋ ಗುಂಪುದನಿ ಏರಿ ಬಂದು ಮಂಜಿನ ಹಾಗೆ ಕವಿಯುತ್ತದೆ, ಮೂರನೇ ಭಾಗದಲ್ಲಿ ಎಲ್ಲರೂ ಸುಮ್ಮನಾಗಿ ಪಿಯಾನೋ ಒಂದೇ ನಡೆದು ಹೋಗುತ್ತದೆ. ಗಡಿಯಾರ ಯಾಕೆ ಮುಳುಗಿತು, ಉಪ್ಪಿಗೂ ಅದಕ್ಕೂ ಏನು ಸಂಬಂಧ ಎಂದೆಲ್ಲ ಕೇಳಬಾರದು. ಬರೆದವನಿಗೇ ಗೊತ್ತಿರಲಿಕ್ಕಿಲ್ಲ.

ತಂಗಿಗೆ ಮಾತ್ರ ಅರ್ಥ ಬೇಕಾಗಿರಲಿಲ್ಲ. ಅಣ್ಣ ಅದರ ಗ್ರಾಮಫೋನ್ ತಟ್ಟೆಯನ್ನು ಯಾರಿಂದಲೋ ಕಾಡಿ ಬೇಡಿ ತಂದಾಗ ಅವಳು ನೆಲದ ಮೇಲೆ, ಸ್ಪೀಕರಿನ ಬುಡದಲ್ಲಿ, ಮಧ್ಯಾಹ್ನದ ನಿದ್ದೆ ಮಾಡುವ ವಯಸ್ಸಿನವಳು. ಕೊಳಲಿನ ಜೊತೆ ಕಣ್ಣು ಮುಚ್ಚಿದರೆ ಪಿಯಾನೋ ಹೊತ್ತಿಗೆ ಗಾಢ ನಿದ್ದೆ. ಹಾಗಾಗಿ ಅವಳ ಬಾಲ್ಯದ ಕನಸುಗಳಿಗೆಲ್ಲ ಅದೇ ಹಿನ್ನೆಲೆ ಸಂಗೀತ. ಈಗಲೂ ಅದು ಶುರುವಾದರೆ ಕೋಣೆಯ ಅಂಚುಗಳು ಕರಗುತ್ತವೆ, ಕಪಾಟು ಯಾವುದು ಗೋಡೆ ಯಾವುದು ಎಂದು ಗೊತ್ತಾಗದ ಹಾಗಾಗುತ್ತದೆ. ಅಣ್ಣನಿಗಿಂತ ಹತ್ತು ವರ್ಷ ಚಿಕ್ಕವಳಾದ ಅವಳಿಗೆ ಕೇಳುವುದು ಎಂದರೇನು ಎಂದು ಕಲಿಸಿದವನು ಅಣ್ಣನೇ.

ಅದೇ ಆಲ್ಬಮ್ಮನ್ನು ಕಂಪನಿಯವರು ಆಗಾಗ ದನಿ ತಿದ್ದಿ ಸಿಡಿಯಾಗಿ ಹೊರತಂದ ಹಾಗೆಲ್ಲ ಅಣ್ಣ ಕೊಂಡ; ಆ ನಾಲ್ಕು ಸಿಡಿಗಳಿಗೂ ಮನೆಯಲ್ಲಿ ಒಂದೊಂದು ಅಡ್ಡಹೆಸರು. ಎಲ್ಲಕ್ಕಿಂತ ಮೊದಲು ಬಂದದ್ದು 'ಮುದುಕ'. ಹಳೆಯ ಟೇಪಿನಿಂದ ಹಾಗೇ ಇಳಿಸಿದ್ದು. ದನಿ ಸಣ್ಣ, ಆದರೆ ಸುಳ್ಳಿಲ್ಲ. ಎರಡನೆಯದು 'ಜೀರುಂಡೆ'. ಎಲ್ಲವನ್ನೂ ಜೋರು ಮಾಡಿ, ಮೇಲಿನ ಸ್ವರಗಳನ್ನು ತಿಕ್ಕಿ ತಿಕ್ಕಿ ಹೊಳಪು ಕೊಟ್ಟು ಮಾರಿದ ಕಾಲದ್ದು. ತಾಳದ ತಟ್ಟೆ ಬಡಿದರೆ ಹಲ್ಲು ಜುಮ್ಮೆನ್ನುತ್ತದೆ. ಮೂರನೆಯದು 'ಕಂಬಳಿ'. ಟೇಪಿನ ಹುಸ್ ಸದ್ದನ್ನು ತೆಗೆಯುತ್ತೇವೆಂದು ಹೊರಟವರು ಅದರ ಜೊತೆ ಹಾಡಿನ ಉಸಿರನ್ನೂ ತೆಗೆದುಬಿಟ್ಟಿದ್ದರು. ನಾಲ್ಕನೆಯದು ಮೊನ್ನೆ ಮೊನ್ನೆ ಬಂದದ್ದು, ಕಳೆದುಹೋಗಿದ್ದ ಮೂಲ ಟೇಪು ಸಿಕ್ಕಿ ಅದರಿಂದ ಮಾಡಿದ್ದಂತೆ. ಅದಿನ್ನೂ 'ಹೊಸಬ'; ಗುಣ ತಿಳಿಯದೆ ಹೆಸರಿಡುವುದು ಆ ಮನೆಯ ಪದ್ಧತಿಯಲ್ಲ.

ಭಾನುವಾರ ಊಟ ಮುಗಿದ ಮೇಲೆ ಪರೀಕ್ಷೆ. ಅಣ್ಣ ಬೆತ್ತದ ಒರಗು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ, ತಂಗಿ ಅವನ ಬೆನ್ನ ಹಿಂದೆ ಯಂತ್ರದ ಪಕ್ಕ ಕೂತು ತನಗೆ ತೋಚಿದ ಕ್ರಮದಲ್ಲಿ ಸಿಡಿ ಹಾಕುತ್ತಾಳೆ. ಯಾವುದು ಯಾವುದೆಂದು ಅವನು ಹೇಳಬೇಕು. ತಂಗಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ಅಳೆಯುವ ಅಂಗೈಯಗಲದ ಯಂತ್ರವೊಂದನ್ನು ಅಲ್ಲಿಂದ ತಂದು, ನಾಲ್ಕೂ ಒಂದೇ ಸಮ ಕೇಳುವ ಹಾಗೆ ವಾಲ್ಯೂಮಿನ ಗುಂಡಿಯ ಸುತ್ತ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದಳು. ಹಾಗೆ ಮಾಡದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುತ್ತದೆ; ಎಂಥಾ ಕಿವಿಯೂ ಆ ಬಲೆಗೆ ಬೀಳುತ್ತದೆ.

ಅಣ್ಣನ ಕಿವಿ ಸಾಮಾನ್ಯದ್ದಲ್ಲ. ಅವನು ಪಿಯಾನೋ ಸರಿಮಾಡುವವನು. ಶ್ರುತಿ ಕೂಡಿಸುವುದನ್ನು ಈಗ ಯಂತ್ರ ನೋಡಿಕೊಂಡು ಯಾರು ಬೇಕಾದರೂ ಮಾಡುತ್ತಾರೆ. ಅಣ್ಣನನ್ನು ಜನ ಹುಡುಕಿಕೊಂಡು ಬರುವುದು ಬೇರೆ ಕೆಲಸಕ್ಕೆ. ಪಿಯಾನೋದ ಒಳಗೆ ತಂತಿಗೆ ಬಡಿಯುವ ಸಣ್ಣ ಸುತ್ತಿಗೆಗಳಿರುತ್ತವೆ, ಅವುಗಳ ತಲೆಗೆ ಒತ್ತಿದ ಉಣ್ಣೆಯ ಹೊದಿಕೆ. ಬಡಿದೂ ಬಡಿದೂ ಉಣ್ಣೆ ಗಟ್ಟಿಯಾದರೆ ಸ್ವರ ಕಿರುಚುತ್ತದೆ. ಆಗ ಸೂಜಿಯಿಂದ ಚುಚ್ಚಿ ಮೆತ್ತಗೆ ಮಾಡಬೇಕು. ಒಂದು ಚುಚ್ಚು ಹೆಚ್ಚಾದರೆ ಸ್ವರ ಮಂಕು, ಕಡಿಮೆಯಾದರೆ ಚೂಪು. ಅದಕ್ಕೆ ಯಂತ್ರ ಬಂದಿಲ್ಲ, ಕಿವಿಯೇ ಬೇಕು. ಆ ಕಿವಿಯ ಮೇಲೆ ಅಣ್ಣನ ಅನ್ನ ನಿಂತಿತ್ತು, ಅದಕ್ಕಿಂತ ಹೆಚ್ಚಾಗಿ ಅವನು ತನ್ನನ್ನು ಯಾರೆಂದುಕೊಂಡಿದ್ದನೋ ಅದೂ ನಿಂತಿತ್ತು.

ಹೊಸಬ ಬಂದ ಭಾನುವಾರ ಪರದೆ ಎಳೆದಿದ್ದ ಕೋಣೆಯೊಳಗೆ ಬಿಸಿಲು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು. ಅತ್ತಿಗೆ ಒಳಗೆ ಪಾತ್ರೆ ಜೋಡಿಸುತ್ತಿದ್ದ ಸದ್ದು ನಿಂತಿತು. ತಂಗಿ ಮೊದಲು ಮುದುಕನನ್ನು ಹಾಕಿದಳು.

ಹಾಡಿಗಿಂತ ಮುಂಚೆ ಟೇಪು ಉಸಿರಾಡುತ್ತದೆ. ಹುಸ್ ಎನ್ನುವ ಆ ತೆಳು ಸದ್ದು ಕೇಳಿದೊಡನೆ ಅಣ್ಣ ತೋರುಬೆರಳೆತ್ತಿ "ಬಂತು" ಅನ್ನುತ್ತಿದ್ದ. ಕೊಳಲು ಬರುವುದು ಆಮೇಲೆ. ಎಷ್ಟು ವರ್ಷ ಆ ಬೆರಳನ್ನು ನೋಡಿದ್ದಾಳೋ ಅವಳು. ಇಂದು ಸದ್ದು ಬಂತು, ಬೆರಳು ಕುರ್ಚಿಯ ಕೈಯ ಮೇಲೇ ಮಲಗಿತ್ತು. ಕೊಳಲು ಶುರುವಾದ ಮೇಲೆ ಅಣ್ಣ ತಲೆದೂಗಿ, "ಕಂಬಳಿ" ಎಂದ.

ನಿದ್ದೆಗಣ್ಣಲ್ಲಿದ್ದಾನೆ ಅಂದುಕೊಂಡಳು. ಸಿಡಿ ಬದಲಿಸಿದಳು. ಹೊಸಬನನ್ನು ಹಾಕಿದಾಗ ಅವಳಿಗೇ ಮೈ ನವಿರೆದ್ದಿತು. ಕೊಳಲೂದುವವನು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು, ಹಿಂದೆ ಯಾರೋ ಕುರ್ಚಿ ಸರಿಸಿಕೊಂಡದ್ದು ಕೇಳಿಸುತ್ತಿತ್ತು, ಗುಂಪುದನಿ ಬಂದಾಗ ಒಬ್ಬೊಬ್ಬರೂ ಬೇರೆ ಬೇರೆ ನಿಂತಿದ್ದರು. ಇಷ್ಟು ವರ್ಷ ಕನಸನ್ನು ಬಾಗಿಲಾಚೆಯಿಂದ ಕೇಳುತ್ತಿದ್ದೆ, ಇಂದು ಯಾರೋ ಒಳಗೆ ಕರೆದರು ಅನ್ನಿಸಿತು ಅವಳಿಗೆ. ಅಣ್ಣ ಮೂಗು ಮುರಿದ. "ಮಂಕು. ಇದು ಮುದುಕ. ಪಾಪ, ವಯಸ್ಸಾಯ್ತು ಅವನಿಗೆ."

ಆಮೇಲೆ ಜೀರುಂಡೆ. ಬೇರೆ ದಿನಗಳಲ್ಲಾದರೆ ತಾಳದ ಮೊದಲ ಪೆಟ್ಟಿಗೇ ಅವನು ಎರಡೂ ಕಿವಿ ಮುಚ್ಚಿ "ತೆಗಿ ತೆಗಿ" ಎನ್ನುತ್ತಿದ್ದ. ಇಂದು ನೆಟ್ಟಗೆ ಕೂತ. ಒಂದೊಂದೇ ಗೆರೆ ಸಡಿಲವಾಗಿ ಮುಖ ಹುಡುಗನದಾಯಿತು. ಮೂರನೇ ಭಾಗದ ಪಿಯಾನೋ ಬಂದಾಗ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಇದೇ ಕಣೇ ಹೊಸಬ," ಎಂದ. "ಯಾರೋ ಪುಣ್ಯಾತ್ಮ ಕಿಟಕಿ ಒರೆಸಿದಾನೆ. ಇಷ್ಟು ದಿನ ಎಲ್ಲಾ ಮಸುಕು ಮಸುಕಾಗಿ ಕೇಳ್ತಿತ್ತು, ಮನಸ್ಸೇ ಇರ್ತಿರ್ಲಿಲ್ಲ. ಇದೇ ತಾನೇ ಹೊಸಬ?"

ಸಿಡಿ ತಪ್ಪಾಗಿ ಹಾಕಿದೆನೇನೋ ಎಂದು ಡಬ್ಬಿ ನೋಡಿದಳು, ಯಂತ್ರದ ಕಿಂಡಿ ನೋಡಿದಳು. ತಪ್ಪಾಗಿರಲಿಲ್ಲ. ಇಂಥ ಕಿವಿಗಳನ್ನು ಅವಳು ದಿನಾ ಕಾಣುತ್ತಾಳೆ. ಮೇಲಿನ ಸ್ವರಗಳು ಸದ್ದಿಲ್ಲದೆ ಜಾರಿಹೋಗಿರುತ್ತವೆ, ಹೋದದ್ದು ಅವರಿಗೇ ತಿಳಿದಿರುವುದಿಲ್ಲ. ಲೋಕವೇ ಮಂಕಾಗಿದೆ ಅಂದುಕೊಂಡಿರುತ್ತಾರೆ. ಉಳಿದವರ ಕಿವಿಗೆ ಕಿರುಚುವ ಸದ್ದು ಅವರಿಗೆ ಹದವಾಗಿ ಕೇಳುತ್ತದೆ. ಪರೀಕ್ಷೆಯೇ ಬೇಕಾಗಿರಲಿಲ್ಲ, ಅಣ್ಣನ ಕಿವಿಯ ನಕ್ಷೆಯನ್ನು ಅವಳು ಅಲ್ಲೇ ಕೂತು ಬರೆದುಕೊಡಬಹುದಿತ್ತು.

"ಹೂಂ," ಎಂದಳು. "ಹೊಸಬನೇ."

ಸುಳ್ಳು ಬಾಯಿಂದ ಜಾರಿತು, ಅಷ್ಟೇ. ಆ ಮುಖ ನೋಡಿಕೊಂಡು ಬೇರೇನು ಹೇಳಲು ಸಾಧ್ಯವಿತ್ತು? ಆದರೆ ಸುಳ್ಳನ್ನು ಹೇಳಿ ಸುಮ್ಮನಿರಲಾಗುವುದಿಲ್ಲ, ಸಾಕಬೇಕಾಗುತ್ತದೆ. "ವಾರ ಪೂರ್ತಿ ಇದನ್ನೇ ಕೇಳ್ತೀನಿ, ಬಿಟ್ಟು ಹೋಗು" ಎಂದು ಅಣ್ಣ ಕಾಫಿ ಕೇಳಲು ಒಳಗೆ ಹೋದಾಗ ಅವಳು ಜೀರುಂಡೆಯನ್ನು ಹೊಸಬನ ಡಬ್ಬಿಗೂ ಹೊಸಬನನ್ನು ಜೀರುಂಡೆಯ ಡಬ್ಬಿಗೂ ಹಾಕಿ ಮುಚ್ಚಿದಳು. ಎರಡರ ಮೇಲೂ ಅದೇ ಗಡಿಯಾರದ ಚಿತ್ರ. ಅಂಚಿನ ಸಣ್ಣಕ್ಷರ ಓದಲು ಅಣ್ಣನಿಗೆ ಕನ್ನಡಕ ಬೇಕು, ಕನ್ನಡಕ ಹುಡುಕಲು ಅತ್ತಿಗೆ ಬೇಕು. ಸಿಕ್ಕಿಬೀಳುವ ಭಯವೇನೂ ಇರಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಳು. ಅಂಗಡಿಗಳು, ಮರಗಳು, ಒಣಗಲು ಹಾಕಿದ ಬಟ್ಟೆಗಳು ಎಲ್ಲವೂ ಒಂದರೊಳಗೊಂದು ಕರಗಿ ಹಿಂದಕ್ಕೆ ಹೋಗುತ್ತಿದ್ದವು, ಅವಳ ತಲೆಯೊಳಗೆ ಕೊಳಲು ಇನ್ನೂ ನುಡಿಯುತ್ತಿತ್ತು. ಹೇಳಬೇಕು, ಹೇಳುತ್ತೇನೆ, ಆದರೆ ಈಗ ಬೇಡ ಎಂದು ತನ್ನನ್ನು ತಾನೇ ಪುಸಲಾಯಿಸಿಕೊಂಡಳು. ಸಂಗೀತ ಶಾಲೆಯ ದೊಡ್ಡ ಸಭಾಂಗಣದ ಪಿಯಾನೋವನ್ನು ಅಣ್ಣ ಕೈಗೆತ್ತಿಕೊಂಡಿದ್ದ. ಹೊರಗಿನಿಂದ ಹೆಸರಾಂತ ವಾದಕಿಯೊಬ್ಬರು ಬಂದು ಅದನ್ನು ನುಡಿಸುವವರಿದ್ದರು. ಆ ಕಚೇರಿ ಮುಗಿಯಲಿ ಅಂದುಕೊಂಡಳು. ಕಿವಿ ಪರೀಕ್ಷೆ ಮುಂದೂಡಿದವರನ್ನು ದಿನವೂ ಗದರುವವಳು ಇವಳೇ.

ವಾರದ ಕೊನೆಗೆ ಸಂಗೀತ ಶಾಲೆಯ ಮೇಡಂ ಆಸ್ಪತ್ರೆಗೇ ಫೋನ್ ಮಾಡಿದರು. "ಒಂದ್ಸಲ ಬಂದು ಹೋಗ್ತೀರಾ? ನಿಮ್ಮಣ್ಣನಿಗೆ ಹೇಗೆ ಹೇಳೋದು ಅಂತ ತಿಳೀತಿಲ್ಲ. ಪಿಯಾನೋ ಮೇಲಿನ ಸ್ವರ ಮುಟ್ಟಿದ್ರೆ ಹಿಂದಿನ ಸಾಲಲ್ಲಿ ಕೂತವರು ಮುಖ ಹಿಂಡ್ತಾರೆ. ಬೇರೆ ಯಾರನ್ನಾದ್ರೂ ಕರೆಸ್ಬೇಕಾ ಅಂತ ಯೋಚ್ನೆ ಮಾಡ್ತಿದೀನಿ. ಇಷ್ಟು ವರ್ಷ ಅವರೇ ನೋಡ್ಕೊಂಡಿದಾರೆ, ಬಾಯೇ ಬರ್ತಿಲ್ಲ."

ಸಭಾಂಗಣ ಖಾಲಿಯಾಗಿತ್ತು. ಮೇಲಿನ ಕಿಟಕಿಗಳಿಂದ ಬೆಳಕು ಓರೆಯಾಗಿ ಬಿದ್ದು, ಅದರೊಳಗೆ ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಸಾಲುಸಾಲು ಕೆಂಪು ಕುರ್ಚಿಗಳ ಕೊನೆಗೆ, ವೇದಿಕೆಯ ಮೇಲೆ, ಮುಚ್ಚಳ ತೆರೆದ ದೊಡ್ಡ ಪಿಯಾನೋ. ಅದರ ಹೊಟ್ಟೆಯೊಳಗೆ ತಲೆ ತೂರಿಸಿದ್ದ ಅಣ್ಣ ತಂಗಿಯ ದನಿ ಕೇಳಿ ಎದ್ದ. ಪಕ್ಕದ ಸ್ಟೂಲಿನ ಮೇಲೆ ಸೂಜಿಗಳ ಡಬ್ಬಿ, ಉಣ್ಣೆ ಗಟ್ಟಿಮಾಡುವ ದ್ರಾವಣದ ಸೀಸೆ, ಆಚೆಗೆ ಸಣ್ಣದೊಂದು ಸಿಡಿ ಪ್ಲೇಯರ್. ಪ್ಲೇಯರಿನ ಮೇಲೆ ಹೊಸಬನ ಡಬ್ಬಿ.

"ಸರಿಯಾದ ಹೊತ್ತಿಗೆ ಬಂದೆ. ಕೂತ್ಕೋ, ಕೇಳು," ಎಂದು ಅಣ್ಣ ಮೂರನೇ ಭಾಗದ ಪಿಯಾನೋವನ್ನು ತಾನೇ ನುಡಿಸಿದ. ಅವನು ವಾದಕನಲ್ಲ, ಆದರೂ ಬೆರಳಿಗೆ ಅದು ಬಾಯಿಪಾಠವಾಗಿತ್ತು. ಕೆಳಗಿನ ಸ್ವರಗಳು ದುಂಡಗೆ ಉರುಳಿ ಬಂದವು. ಮೇಲೆ ಹೋದಂತೆ ಒಂದೊಂದು ಸ್ವರವೂ ಸ್ಟೀಲು ತಟ್ಟೆಗೆ ಚಮಚ ಬಡಿದ ಹಾಗೆ ಸಿಡಿಯಿತು. ಅವಳು ಕಣ್ಣು ಪಿಳುಕಿಸದೆ ಕೂತಳು.

"ಹೊಸಬನ ಪಿಯಾನೋ ಥರಾನೇ ಬಂತು ನೋಡು," ಎಂದ ಅಣ್ಣ. "ನಾನು ಇಷ್ಟು ವರ್ಷ ಎಲ್ಲಾ ಪಿಯಾನೋನೂ ಜಾಸ್ತಿ ಮೆತ್ತಗೆ ಮಾಡಿಬಿಟ್ಟಿದ್ದೆ ಅನ್ಸುತ್ತೆ. ಆ ಸಿಡಿ ಕೇಳಿದ ಮೇಲೆ ಕಣ್ಣು ತೆರೀತು. ಅದನ್ನ ಹಾಕೋದು, ಒಂದು ಸ್ವರ ಸರಿ ಮಾಡೋದು, ಮತ್ತೆ ಹಾಕೋದು. ವಾರ ಪೂರ್ತಿ ಇದೇ ಕೆಲಸ."

ತಂಗಿ ಪ್ಲೇಯರಿನ ಮೇಲಿನ ಡಬ್ಬಿಯನ್ನು ನೋಡಿದಳು. ಕಿವಿ ಮೋಸ ಮಾಡಿದ್ದು ನಿಜ, ಆದರೆ ಆ ಮೋಸಕ್ಕೆ ಸಾಕ್ಷಿ ಹೇಳಿದವಳು ಇವಳು. ಕಿವಿಯ ಮೇಲೆ ಅನುಮಾನ ಬಂದಿದ್ದರೆ ಅಣ್ಣ ತಡೆಯುತ್ತಿದ್ದನೇನೋ, ಸುತ್ತಿಗೆಗಳಿಗೆ ಆ ದ್ರಾವಣ ಹಚ್ಚುತ್ತಿರಲಿಲ್ಲವೇನೋ. ಅನುಮಾನ ಬರುವ ದಾರಿಯನ್ನೇ ಅವಳು ಮುಚ್ಚಿದ್ದಳು. ಪ್ರೀತಿಯಿಂದಲೇ ಮುಚ್ಚಿದ್ದು, ಅದರಿಂದೇನೂ ಹಗುರವಾಗಲಿಲ್ಲ.

"ಅಣ್ಣ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ," ಎಂದಳು. "ಕಿವಿ ನೋಡೋಣ."

ನಗುತ್ತಾನೆ, ರೇಗುತ್ತಾನೆ, ಏನಾದರೂ ಹಾರಿಕೆಯ ಮಾತಾಡುತ್ತಾನೆ ಅಂದುಕೊಂಡಿದ್ದಳು. ಅವನು ಸೂಜಿಯನ್ನು ಅಂಗಿಯ ಅಂಚಿಗೆ ಒರೆಸುತ್ತ ನಿಂತ. "ಆಯ್ತು," ಎಂದ, ಸ್ವಲ್ಪ ಬೇಗನೇ.

ಆಸ್ಪತ್ರೆಯ ಆ ಕೋಣೆಗೆ ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ. ಬಾಗಿಲು ಮುಚ್ಚಿದರೆ ಹೊರಗಿನ ಲೋಕ ಆರಿದಂತಾಗುತ್ತದೆ. ಅಲ್ಲಿ ಕೂತವರು ತಮ್ಮ ಎದೆ ಬಡಿತ ಕೇಳಿಸಿಕೊಂಡು ಬೆಚ್ಚುವುದುಂಟು. ಅಣ್ಣ ಹೆಡ್‌ಫೋನ್ ಹಾಕಿಕೊಂಡು ಕೂತ. ಕೈಗೆ ಅವಳು ಒತ್ತುಗುಂಡಿ ಕೊಟ್ಟಳು. "ಸ್ವರ ಕೇಳಿಸಿದ ತಕ್ಷಣ ಒತ್ತು. ಎಷ್ಟೇ ಸಣ್ಣಗೆ ಕೇಳಿಸಿದ್ರೂ ಸರಿ." ಅವನು ಒತ್ತಿದರೆ ಗಾಜಿನ ಈಚೆ, ಅವಳ ಮೇಜಿನ ಮೇಲೆ ಒಂದು ಹಸಿರು ದೀಪ ಹತ್ತುತ್ತದೆ.

ಕೆಳಗಿನ ಸ್ವರ ಕಳಿಸಿದಳು. ದೀಪ ಹತ್ತಿತು. ಸಣ್ಣಗೆ ಮಾಡಿದಳು, ಹತ್ತಿತು. ನಡುವಿನ ಸ್ವರಗಳಿಗೂ ಹತ್ತಿತು. ಮೇಲಕ್ಕೆ ಹೋದಳು, ಇನ್ನು ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದಳು. ದೀಪ ಹತ್ತಿತು. ಇನ್ನೂ ಮೇಲೆ, ಇನ್ನೂ ಸಣ್ಣಗೆ. ಹತ್ತಿತು. ಅವಳ ಕಣ್ಣು ತುಂಬಿ ಬಂತು. ಎಲ್ಲ ನನ್ನ ಭ್ರಮೆ, ಅಣ್ಣನಿಗೆ ಅಂದು ನಿದ್ದೆ ಬಂದಿತ್ತು ಅಷ್ಟೇ, ರುಚಿ ಬದಲಾಗಿದೆ ಅಷ್ಟೇ, ಜನರ ರುಚಿ ಬದಲಾಗುವುದಿಲ್ಲವೇ ಎಂದು ಸಂತೋಷದಲ್ಲಿ ತೇಲಿದಳು. ಅವಳಿಗೇ ಕೇಳಿಸುತ್ತದೋ ಇಲ್ಲವೋ ಅನ್ನುವಷ್ಟು ಮೇಲಿನ, ಅಷ್ಟು ಸಣ್ಣ ಸ್ವರಕ್ಕೂ ದೀಪ ಹತ್ತಿದಾಗ ಮಾತ್ರ ಬೆರಳು ತಡೆಯಿತು. ಅದು ಅಣ್ಣನ ವಯಸ್ಸಿನ ಯಾರಿಗೂ ಕೇಳಿಸುವ ಸ್ವರವಲ್ಲ.

ಗಾಜಿನೊಳಗೆ ನೋಡಿದಳು. ಅಣ್ಣ ಕಣ್ಣು ಮುಚ್ಚಿದ್ದ. ಅವನ ಬಲಗಾಲಿನ ಹಿಮ್ಮಡಿ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

ಅವಳು ಯಂತ್ರದಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಒಳಗೆ ಯಾವ ಸ್ವರವೂ ಹೋಗುತ್ತಿರಲಿಲ್ಲ. ಹಿಮ್ಮಡಿ ಇಳಿಯಿತು, ದೀಪ ಹತ್ತಿತು. ಸ್ವಲ್ಪ ಹೊತ್ತು ಕತ್ತಲು. ಮತ್ತೆ ಹಿಮ್ಮಡಿ, ಮತ್ತೆ ದೀಪ. ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲದ ಲಯದಲ್ಲಿ ಅಣ್ಣ ಮೌನಕ್ಕೆ ಗುಂಡಿ ಒತ್ತುತ್ತಿದ್ದ, ತುಟಿಯ ಮೇಲೆ ಏನೋ ಕೇಳಿಸಿಕೊಳ್ಳುತ್ತಿರುವವನ ಸಣ್ಣ ನಗು. ಅವಳಿಗೆ ಅದನ್ನು ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಬಾಗಿಲು ತೆರೆದು ಒಳಗೆ ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹೆಡ್‌ಫೋನನ್ನು ತಾನೇ ತೆಗೆದಳು.

"ಮುಗೀತಾ?" ಎಂದ. "ಎಲ್ಲಾ ಕೇಳಿಸ್ತು."

"ಅಣ್ಣ, ಕೊನೇಲಿ ನಾನು ಏನೂ ಹಾಕಿರ್ಲಿಲ್ಲ."

ಅಣ್ಣ ಕೈಯಲ್ಲಿದ್ದ ಗುಂಡಿಯನ್ನು ನೋಡಿದ. ಮೆತ್ತೆಯ ಗೋಡೆಗಳು ಅವರಿಬ್ಬರ ಉಸಿರನ್ನೂ ಹೀರಿಕೊಂಡವು.

"ನೀನು ಒಂದೇ ಲಯದಲ್ಲಿ ಕಳಿಸ್ತಿದ್ದೆ," ಎಂದ. "ಅದು ಕಾಲಿಗೆ ಸಿಕ್ಕಿಬಿಡ್ತು. ಸ್ವರ ನಿಂತುಹೋದಾಗ್ಲೂ ಬಿಡೋಕ್ಕಾಗ್ಲಿಲ್ಲ. ಬಿಟ್ರೆ ನಿಂಗೆ ಗೊತ್ತಾಗುತ್ತಲ್ಲ ಅಂತ ಭಯ ಆಯ್ತು." ಆಮೇಲೆ, "ಆ ಭಾನುವಾರ ಹಾಕಿದ್ದು ಜೀರುಂಡೆ ಅಲ್ವಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು. "ನಾನೇ ಸುಳ್ಳು ಹೇಳ್ದೆ. ಡಬ್ಬೀನೂ ಅದಲು ಬದಲು ಮಾಡ್ದೆ. ಆ ಪಿಯಾನೋ ಕೆಟ್ಟಿದ್ದು ನನ್ನಿಂದ. ಮೇಲಿಂದೆಲ್ಲಾ ಕಿರುಚ್ತಿದೆ ಅಣ್ಣ."

ರೇಗಲಿ ಎಂದು ಕಾದಳು. ರೇಗಿದ್ದರೆ ಹಗುರವಾಗುತ್ತಿತ್ತು. ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟ. "ಆದ್ರೂ ಎಷ್ಟು ಚೆನ್ನಾಗಿತ್ತು ಕಣೇ ಅದು," ಎಂದ. ಅವಳು ಅವನ ಮೊಣಕಾಲಿಗೆ ಹಣೆಯಾನಿಸಿ ಅತ್ತಳು. ಅಲ್ಲಿ ಎಷ್ಟು ಅತ್ತರೂ ಹೊರಗೆ ಯಾರಿಗೂ ಕೇಳಿಸುವುದಿಲ್ಲ.

"ಸಾಕು ಏಳು," ಎಂದ ಅಣ್ಣ. "ಇಲ್ಲಿಂದ ನೆಟ್ಟಗೆ ಸಭಾಂಗಣಕ್ಕೆ ಹೋಗೋಣ. ಸೂಜಿ ನಾನು ಹಿಡೀತೀನಿ, ಕೇಳೋದು ನೀನು. ಮೇಡಂಗೆ ನಾನೇ ಹೇಳ್ತೀನಿ. ಅದಕ್ಕೆ ಮುಂಚೆ ಇದನ್ನ ಇನ್ನೊಂದ್ಸಲ ಹಾಕು." ಹೆಡ್‌ಫೋನನ್ನು ತಾನೇ ಎತ್ತಿ ಹಾಕಿಕೊಂಡ. "ಲಯ ಬೇಡ. ನಿನ್ನಿಷ್ಟ ಬಂದ ಹಾಗೆ ಹಾಕು. ಕೇಳಿಸಿದ್ರೆ ಮಾತ್ರ ಒತ್ತುತೀನಿ."

ಅವಳು ಕಣ್ಣೊರೆಸಿಕೊಂಡು ಹೊರಗೆ ಬಂದು ಬಾಗಿಲು ಮುಚ್ಚಿದಳು. ಕೆಳಗಿನಿಂದ ಶುರುಮಾಡಿದಳು. ಒಮ್ಮೆ ಬೇಗ ಕಳಿಸಿದಳು, ಒಮ್ಮೆ ಕಾಯಿಸಿ ಕಳಿಸಿದಳು. ದೀಪ ಹತ್ತುತ್ತ ಬಂದು, ಮೇಲಿನ ಸ್ವರಗಳ ಹೊಸ್ತಿಲಲ್ಲಿ ನಿಂತುಹೋಯಿತು. ಗಾಜಿನಾಚೆ ಅಣ್ಣ ಕಣ್ಣು ತೆರೆದೇ ಕೂತಿದ್ದ. ಎರಡೂ ಪಾದ ನೆಲಕ್ಕೆ ಊರಿದ್ದ. ಅವಳು ಅದೇ ಸ್ವರವನ್ನು ಸ್ವಲ್ಪ ಜೋರು ಮಾಡಿದಳು. ದೀಪ ಹತ್ತಲಿಲ್ಲ. ಇನ್ನೂ ಜೋರು ಮಾಡಿದಳು. ಹತ್ತಲಿಲ್ಲ. ಅವಳು ಅವನನ್ನು ನೋಡಿದಳು, ಅವನು ಅವಳನ್ನು ನೋಡಿದ, ಹೆಬ್ಬೆರಳು ಗುಂಡಿಯ ಪಕ್ಕದಲ್ಲಿ ಕಾಯುತ್ತಿತ್ತು. ಸದ್ದನ್ನು ಮತ್ತೊಂದು ಮೆಟ್ಟಿಲು ಏರಿಸಿದಳು. ತಡವಾಗಿ, ಅಳುಕುತ್ತ, ಯಾವ ತಾಳಕ್ಕೂ ಸಿಗದೆ, ದೀಪ ಹತ್ತಿತು.